ಬ್ರೌಸರಿನ ನವೀಕರಣವೂ ಆಡ್-ಆನ್‌ಗಳ ಹೊಂದಾಣಿಕೆಯೂ

ಕೆಲವು ವರ್ಷಗಳ ಹಿಂದೆ ಒಂದು ಸೋಮವಾರದ ಬೆಳಿಗ್ಗೆ, ನಾನು ಪಾಠ ಹೇಳುತ್ತಿದ್ದ ಶಾಲೆಯ ಗಣಕಯಂತ್ರದ ಕೊಠಡಿಯಲ್ಲಿ ಎಂಟನೆಯ ತರಗತಿಯ ಮಕ್ಕಳನ್ನು ಕೂಡಿಸಿಕೊಂಡು, ಹಳೆಯ ವಾರ್ಷಿಕ ಸಂಚಿಕೆಯೊಂದರ ಲೇಖನವನ್ನು ಓದಿಸಬೇಕೆಂದು ಸಿದ್ಧನಾಗಿದ್ದೆನು. ಆ ಸಂಚಿಕೆಯ ಬರಹಗಳನ್ನು ಬಹುಕಾಲದ ಹಿಂದೆ ಯಾರೋ ಶ್ರಮವಹಿಸಿ ಬೆರಳಚ್ಚು ಮಾಡಿ, ಜಾಲಪುಟಗಳ ರೂಪದಲ್ಲಿ ಯಂತ್ರದೊಳಗೆ ಉಳಿಸಿಟ್ಟಿದ್ದರು. ಶನಿವಾರದವರೆಗೂ ಆ ಪುಟಗಳು ನಿರಾತಂಕವಾಗಿ ತೆರೆದುಕೊಳ್ಳುತ್ತಿದ್ದವು. ಅಂದು ತೆರೆದು ನೋಡಿದರೆ ಪರದೆಯ ಮೇಲೆ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ರೋಮನ್ ಅಕ್ಷರಗಳೂ, ಅವುಗಳ ತಲೆಯ ಮೇಲೆ ಅರ್ಥವಾಗದ ಗೆರೆ ಚುಕ್ಕೆಗಳೂ ಸಾಲುಸಾಲಾಗಿ ನಿಂತಿದ್ದವು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು, "ಸರ್, ನಮ್ಮ ಕನ್ನಡ ಎಲ್ಲಿ ಹೋತ್ರಿ?" ಎಂದು ಕೇಳಿದಳು. ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರವು ದೊರೆತದ್ದು ಮಧ್ಯಾಹ್ನದ ವೇಳೆಗೆ. ಶನಿವಾರ ಸಂಜೆ ಮನೆಗೆ ಹೊರಡುವ ಮುನ್ನ ಎಲ್ಲ ಯಂತ್ರಗಳಲ್ಲಿಯೂ ಬ್ರೌಸರನ್ನು ಹೊಸ ಆವೃತ್ತಿಗೆ ಏರಿಸಿದವನು ನಾನೇ. ಆಗ ಪರದೆಯ ಮೇಲೆ ಬಂದ ಎಚ್ಚರಿಕೆಯ ಮಾತನ್ನು ಓದದೆ ಗುಂಡಿಯನ್ನು ಒತ್ತಿದವನೂ ನಾನೇ. ಹಳೆಯ ಬರಹವನ್ನು ಕನ್ನಡವಾಗಿ ತೋರಿಸುತ್ತಿದ್ದ ಒಂದು ಚಿಕ್ಕ ಆಡ್-ಆನ್ ಹೊಸ ಆವೃತ್ತಿಗೆ ಹೊಂದದೆ ನಿಂತುಹೋಗಿತ್ತು. ಇಂತಹ ತೊಂದರೆ ಏಕೆ ಬರುತ್ತದೆ, ಬರುವ ಮೊದಲು ಮಾಡತಕ್ಕದ್ದೇನು, ಬಂದ ಮೇಲೆ ಮಾಡತಕ್ಕದ್ದೇನು ಎಂಬುದನ್ನು ವಿದ್ಯಾರ್ಥಿಗಳಿಗೂ ಪೋಷಕರಿಗೂ ತಿಳಿಯುವಂತೆ ವಿವರಿಸುವುದೇ ಈ ಲೇಖನದ ಉದ್ದೇಶ.

1. ಬ್ರೌಸರ್ ಎಂದರೇನು? ಆಡ್-ಆನ್ ಎಂದರೇನು?

ಅಂತರಜಾಲದ ಪುಟಗಳನ್ನು ತರಿಸಿ, ಅವುಗಳಲ್ಲಿರುವ ಸಂಕೇತಗಳನ್ನು ಓದಿ, ಅಕ್ಷರ ಮತ್ತು ಚಿತ್ರಗಳ ರೂಪದಲ್ಲಿ ನಮ್ಮ ಮುಂದಿಡುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು. ಫೈರ್‌ಫಾಕ್ಸ್, ಕ್ರೋಮ್, ಎಡ್ಜ್ ಮೊದಲಾದವು ಇಂದು ಬಳಕೆಯಲ್ಲಿರುವ ಬ್ರೌಸರುಗಳು. ಇವುಗಳನ್ನು ದೊಡ್ಡ ಸಂಸ್ಥೆಗಳು ರಚಿಸಿ ಹಂಚುತ್ತವೆ.

ಆದರೆ ಜಗತ್ತಿನ ಎಲ್ಲ ಜನರ ಎಲ್ಲ ಅಗತ್ಯಗಳನ್ನೂ ಒಂದು ಸಂಸ್ಥೆಯು ಮುಂದಾಗಿ ಊಹಿಸಲಾರದು. ಒಬ್ಬನಿಗೆ ಜಾಹೀರಾತು ಬೇಡ. ಇನ್ನೊಬ್ಬನಿಗೆ ಕನ್ನಡದ ಕಾಗುಣಿತದ ತಪ್ಪನ್ನು ತೋರಿಸುವ ಸಾಧನ ಬೇಕು. ಮತ್ತೊಬ್ಬನಿಗೆ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಸಾಧನ ಬೇಕು. ಇಂತಹ ವಿಶೇಷ ಕೆಲಸಗಳಿಗಾಗಿ ಹೊರಗಿನವರು ರಚಿಸಿ ಬ್ರೌಸರಿಗೆ ಜೋಡಿಸುವ ಚಿಕ್ಕ ತಂತ್ರಾಂಶವೇ ಆಡ್-ಆನ್. ಇದನ್ನೇ ಕೆಲವರು ಎಕ್ಸ್‌ಟೆನ್ಷನ್ ಎಂದು ಕರೆಯುವರು. ಬ್ರೌಸರನ್ನು ರಚಿಸಿದವರು ಬೇರೆ, ಆಡ್-ಆನ್ ರಚಿಸಿದವರು ಬೇರೆ ಎಂಬ ಅಂಶವನ್ನು ವಿದ್ಯಾರ್ಥಿಗಳು ಇಲ್ಲಿಯೇ ನೆನಪಿನಲ್ಲಿಟ್ಟುಕೊಳ್ಳಬೇಕು. ಎಷ್ಟೋ ಆಡ್-ಆನ್‌ಗಳು ಒಬ್ಬಿಬ್ಬರು ಉತ್ಸಾಹಿಗಳು ತಮ್ಮ ಬಿಡುವಿನ ವೇಳೆಯಲ್ಲಿ, ಪ್ರತಿಫಲವಿಲ್ಲದೆ ರಚಿಸಿದವು.

2. ಒಂದು ದೃಷ್ಟಾಂತ

ಜಹೀರಾಬಾದಿನಲ್ಲಿ ಮಹೀಂದ್ರ ಸಂಸ್ಥೆಯ ಟ್ರ್ಯಾಕ್ಟರ್ ಕಾರ್ಖಾನೆ ಇರುವುದು ನಮ್ಮ ಕಡೆಯ ಮಕ್ಕಳೆಲ್ಲರಿಗೂ ಗೊತ್ತಿರುವ ಸಂಗತಿ. ಟ್ರ್ಯಾಕ್ಟರನ್ನು ಆ ಕಾರ್ಖಾನೆ ಮಾಡಿದರೂ, ಅದಕ್ಕೆ ಕಟ್ಟುವ ನೇಗಿಲು, ಕುಂಟೆ, ಬಿತ್ತುವ ಕೂರಿಗೆಗಳನ್ನು ಊರೂರಿನ ಕಮ್ಮಟಗಳಲ್ಲಿ ಬೇರೆಯವರೂ ಮಾಡುತ್ತಾರೆ. ಯಾರೋ ಮಾಡಿದ ನೇಗಿಲು ಯಾರೋ ಮಾಡಿದ ಟ್ರ್ಯಾಕ್ಟರಿಗೆ ಹೇಗೆ ಸರಿಯಾಗಿ ಕೂಡುತ್ತದೆ? ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಕೆಳಗೆ ಎರಡು ತೋಳುಗಳು, ಮೇಲೆ ಒಂದು ತೋಳು, ಹೀಗೆ ಮೂರು ಕಡೆಗಳಲ್ಲಿ ಸಿಕ್ಕಿಸುವ ಕೊಂಡಿಯನ್ನು ನೀವು ನೋಡಿರಬಹುದು. ಹ್ಯಾರಿ ಫರ್ಗ್ಯೂಸನ್ ಎಂಬವರು 1926ರಲ್ಲಿ ಬ್ರಿಟನ್ನಿನಲ್ಲಿ ಹಕ್ಕುಪತ್ರ ಪಡೆದ ಈ ಏರ್ಪಾಡು ಕ್ರಮೇಣ ಎಲ್ಲೆಡೆಯೂ ಹರಡಿತು. ಈಗ ಆ ಕೊಂಡಿಯ ಅಳತೆಗಳು ಅಂತರರಾಷ್ಟ್ರೀಯ ಮಾನಕದಿಂದ ಗೊತ್ತುಪಡಿಸಲ್ಪಟ್ಟಿವೆ. ಎಂಜಿನ್ ಬದಲಾದರೂ, ಟ್ರ್ಯಾಕ್ಟರಿನ ಮಾದರಿ ಬದಲಾದರೂ, ಕೊಂಡಿಯ ಅಳತೆ ಅದೇ ಇರುವವರೆಗೆ ರೈತನ ನೇಗಿಲು ವ್ಯರ್ಥವಾಗುವುದಿಲ್ಲ.

ಇನ್ನು ಒಬ್ಬ ರೈತನು ಕೊಂಡಿಯ ಗೊಡವೆಗೆ ಹೋಗದೆ ತನ್ನ ಕೂರಿಗೆಯನ್ನು ಎಂಜಿನಿನ ಪೆಟ್ಟಿಗೆಗೇ ಬೆಸುಗೆ ಹಾಕಿಸಿದನೆಂದು ಭಾವಿಸೋಣ. ಕೂರಿಗೆಯು ಒಂದು ಕಾಲ ಬಹು ಚೆನ್ನಾಗಿಯೇ ಕೆಲಸ ಮಾಡೀತು. ಆದರೆ ಎಂಜಿನನ್ನು ಬಿಚ್ಚಿ ಹೊಸದನ್ನು ಕೂಡಿಸುವ ದಿನ ಬಂದಾಗ ಆ ಕೂರಿಗೆಯ ಗತಿಯೇನು? ಅದನ್ನು ಕತ್ತರಿಸಿ ತೆಗೆಯದೆ ಬೇರೆ ದಾರಿಯಿಲ್ಲ. ಬ್ರೌಸರ್ ಮತ್ತು ಆಡ್-ಆನ್‌ಗಳ ಚರಿತ್ರೆಯೆಲ್ಲ ಈ ಬೆಸುಗೆ ಮತ್ತು ಕೊಂಡಿಗಳ ಚರಿತ್ರೆಯೇ ಆಗಿದೆ.

3. ಬೆಸುಗೆಯಿಂದ ಕೊಂಡಿಗೆ

ಫೈರ್‌ಫಾಕ್ಸಿನ ಮೊದಲನೆಯ ಆವೃತ್ತಿಯು 2004ರ ನವೆಂಬರ್ 9ರಂದು ಹೊರಬಂದಿತು. ಅದರ ಹಳೆಯ ಬಗೆಯ ಆಡ್-ಆನ್‌ಗಳಿಗೆ ಬ್ರೌಸರಿನ ಒಳಮನೆಯೆಲ್ಲ ತೆರೆದಿತ್ತು. ಅವು ಗುಂಡಿಗಳ ಸ್ಥಾನವನ್ನು ಬದಲಿಸಬಹುದಾಗಿತ್ತು. ಪುಟವು ಪರದೆಗೆ ಬರುವ ಮುನ್ನವೇ ಅದನ್ನು ತಿದ್ದಬಹುದಾಗಿತ್ತು. ಒಳಗಿನ ಯಾವ ಭಾಗವನ್ನಾದರೂ ಮುಟ್ಟಬಹುದಾಗಿತ್ತು. ಈ ಸ್ವಾತಂತ್ರ್ಯದಿಂದಲೇ ಫೈರ್‌ಫಾಕ್ಸಿಗೆ ಸಾವಿರಾರು ಆಡ್-ಆನ್‌ಗಳು ಹುಟ್ಟಿಕೊಂಡವು. ಆದರೆ ಎಲ್ಲವೂ ಬೆಸುಗೆಯ ಜೋಡಣೆಗಳೇ ಆಗಿದ್ದವು.

ಆಗ ಪ್ರತಿಯೊಂದು ಆಡ್-ಆನ್ ತಾನು ಯಾವ ಆವೃತ್ತಿಯವರೆಗೆ ಹೊಂದುವೆನೆಂದು ಒಂದು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕಾಗಿತ್ತು. ಹೊಸ ಆವೃತ್ತಿಗಳು ವರ್ಷಕ್ಕೊಮ್ಮೆ ಬರುತ್ತಿದ್ದಾಗ ಇದರಿಂದ ಹೆಚ್ಚಿನ ಕಷ್ಟವಾಗಲಿಲ್ಲ. 2011ರ ಮಾರ್ಚಿಯಲ್ಲಿ ನಾಲ್ಕನೆಯ ಆವೃತ್ತಿ ಬಂದ ಮೇಲೆ, ಜೂನಿನಲ್ಲಿ ಬಂದ ಐದನೆಯ ಆವೃತ್ತಿಯಿಂದ ಮೊದಲ್ಗೊಂಡು, ಆರು ವಾರಗಳಿಗೊಂದು ಆವೃತ್ತಿಯನ್ನು ಹೊರತರುವ ಪದ್ಧತಿ ಆರಂಭವಾಯಿತು. ಆರು ವಾರಗಳಿಗೊಮ್ಮೆ ಆಡ್-ಆನ್‌ಗಳು "ಹೊಂದುವುದಿಲ್ಲ" ಎಂದು ನಿಂತುಬಿಡತೊಡಗಿದವು. ನಿಜವಾಗಿ ಕೆಟ್ಟಿದ್ದುದು ಕೆಲವು ಮಾತ್ರ. ಉಳಿದವುಗಳಲ್ಲಿ ಆ ಸಂಖ್ಯೆಯೊಂದೇ ಹಳೆಯದಾಗಿತ್ತು. ಬಳಕೆದಾರರ ಬೇಸರವನ್ನು ಕಂಡು, 2012ರ ಜನವರಿ 31ರಂದು ಬಂದ ಹತ್ತನೆಯ ಆವೃತ್ತಿಯಲ್ಲಿ ಬಹುಪಾಲು ಆಡ್-ಆನ್‌ಗಳನ್ನು ಹೊಂದುತ್ತವೆಂದೇ ಭಾವಿಸಿ ನಡೆಯಿಸುವ ಏರ್ಪಾಡಾಯಿತು.

ಅಷ್ಟರಿಂದ ಮೂಲ ಸಮಸ್ಯೆ ಪರಿಹಾರವಾಗಲಿಲ್ಲ. ಒಂದು ಪುಟ ಕೆಟ್ಟರೆ ಇಡೀ ಬ್ರೌಸರೇ ನಿಂತುಹೋಗಬಾರದೆಂದು ಅದರ ಕೆಲಸವನ್ನು ಹಲವು ಪ್ರತ್ಯೇಕ ಪ್ರಕ್ರಿಯೆಗಳಾಗಿ ಹಂಚಬೇಕಾಗಿತ್ತು, ವೇಗವನ್ನು ಹೆಚ್ಚಿಸಬೇಕಾಗಿತ್ತು, ದುರುದ್ದೇಶದ ಆಡ್-ಆನ್‌ಗಳಿಂದ ಜನರನ್ನು ಕಾಪಾಡಬೇಕಾಗಿತ್ತು. ಒಳಗೋಡೆಗಳಿಗೆಲ್ಲ ಪರರ ವಸ್ತುಗಳು ಬೆಸೆದುಕೊಂಡಿರುವಾಗ ಗೋಡೆಯನ್ನು ಸರಿಸುವುದು ಹೇಗೆ? ಆದುದರಿಂದ ಮೊಜಿಲ್ಲಾ ಸಂಸ್ಥೆಯು ಹಳೆಯ ಪದ್ಧತಿಯನ್ನು ಕೈಬಿಡುವುದಾಗಿ 2015ರ ಆಗಸ್ಟಿನಲ್ಲಿ ಪ್ರಕಟಿಸಿತು. 2017ರ ನವೆಂಬರ್ 14ರಂದು ಬಿಡುಗಡೆಯಾದ 57ನೆಯ ಆವೃತ್ತಿಯು ಹಳೆಯ ಬಗೆಯ ಆಡ್-ಆನ್‌ಗಳನ್ನು ಸಂಪೂರ್ಣವಾಗಿ ನಿಲ್ಲಿಸಿ, ವೆಬ್‌ಎಕ್ಸ್‌ಟೆನ್ಷನ್ ಎಂಬ ಹೊಸ ಬಗೆಯವುಗಳನ್ನು ಮಾತ್ರ ಅಂಗೀಕರಿಸಿತು. ಇವು ಗೊತ್ತುಪಡಿಸಿದ ಕೊಂಡಿಗಳಲ್ಲಿ ಮಾತ್ರ ಸಿಕ್ಕಿಕೊಳ್ಳತಕ್ಕವು. ಕ್ರೋಮ್ ಬ್ರೌಸರಿನ ಕೊಂಡಿಗಳನ್ನೇ ಬಹುಮಟ್ಟಿಗೆ ಹೋಲುವುದರಿಂದ, ಒಂದೇ ಆಡ್-ಆನ್ ಸ್ವಲ್ಪ ತಿದ್ದುಪಡಿಯೊಡನೆ ಎರಡರಲ್ಲಿಯೂ ನಡೆಯುವಂತಾಯಿತು. ಇದು ಲಾಭವೇ ಸರಿ. ಆದರೆ ಯಾರೂ ಹೊಸದಾಗಿ ಬರೆಯದೆ ಬಿಟ್ಟ ಅನೇಕ ಹಳೆಯ ಆಡ್-ಆನ್‌ಗಳು ಅಂದಿಗೇ ಕೊನೆಗೊಂಡವು.

4. ಹೊಂದಾಣಿಕೆ ತಪ್ಪುವ ನಾಲ್ಕು ಬಗೆಗಳು

ಮೇಲಿನ ಚರಿತ್ರೆಯಿಂದ ಮೊದಲನೆಯ ಬಗೆಯು ತಿಳಿಯಿತು: ಜೋಡಣೆಯ ರೂಪವೇ ಬದಲಾಗುವುದು.

ಎರಡನೆಯದು, ಅಧಿಕಾರದ ಮಿತಿ ಬದಲಾಗುವುದು. ಕೊಂಡಿ ಇದ್ದರೂ ಅದರ ಮೂಲಕ ಹಿಂದೆ ಮಾಡುತ್ತಿದ್ದ ಕೆಲಸಕ್ಕೆ ಅನುಮತಿ ಇಲ್ಲದೆ ಹೋಗಬಹುದು. ಗೂಗಲ್ ಸಂಸ್ಥೆಯು ಕ್ರೋಮಿನಲ್ಲಿ ಮ್ಯಾನಿಫೆಸ್ಟ್ ವಿ3 ಎಂಬ ಮೂರನೆಯ ನಿಯಮಾವಳಿಯನ್ನು ತಂದು, ಎರಡನೆಯ ನಿಯಮಾವಳಿಯ ಆಡ್-ಆನ್‌ಗಳನ್ನು 2024ರಿಂದ 2025ರ ಮಧ್ಯದವರೆಗೆ ಹಂತಹಂತವಾಗಿ ನಿಲ್ಲಿಸಿತು. ಹಿಂದೆ ಜಾಹೀರಾತು ತಡೆಯುವ ಆಡ್-ಆನ್ ಪ್ರತಿಯೊಂದು ಬೇಡಿಕೆಯನ್ನೂ ಬಾಗಿಲಲ್ಲಿ ನಿಂತು ತಾನೇ ಪರೀಕ್ಷಿಸಿ ತಡೆಯುತ್ತಿತ್ತು. ಹೊಸ ನಿಯಮದಂತೆ ಅದು ತಡೆಯಬೇಕಾದವುಗಳ ಪಟ್ಟಿಯನ್ನು ಮೊದಲೇ ಬ್ರೌಸರಿಗೆ ಒಪ್ಪಿಸಬೇಕು. ತಡೆಯುವ ಕೆಲಸ ಬ್ರೌಸರಿನದು. ಸುರಕ್ಷತೆಗೆ ಇದು ಒಳ್ಳೆಯದೆಂದು ಕೆಲವರೂ, ಬಳಕೆದಾರನ ಸ್ವಾತಂತ್ರ್ಯ ಕುಗ್ಗಿತೆಂದು ಕೆಲವರೂ ವಾದಿಸಿದ್ದಾರೆ. ಫೈರ್‌ಫಾಕ್ಸ್ 2023ರ ಜನವರಿಯಲ್ಲಿ 109ನೆಯ ಆವೃತ್ತಿಯಿಂದ ಮೂರನೆಯ ನಿಯಮಾವಳಿಯನ್ನು ಅಂಗೀಕರಿಸಿದಾಗ ಎರಡನೆಯದನ್ನೂ ಉಳಿಸಿಕೊಂಡಿತು.

ಮೂರನೆಯದು, ಮುದ್ರೆಯ ಅವಧಿ ಮುಗಿಯುವುದು. ಆಡ್-ಆನ್ ಪ್ರಾಮಾಣಿಕವಾದುದೆಂಬುದಕ್ಕೆ ಬ್ರೌಸರಿನ ಸಂಸ್ಥೆ ಒಂದು ಸಂಕೇತ ಮುದ್ರೆಯನ್ನು ಒತ್ತಿರುತ್ತದೆ. ಆ ಮುದ್ರೆಗೆ ಆಧಾರವಾದ ಪ್ರಮಾಣಪತ್ರಕ್ಕೆ ಒಂದು ಅವಧಿ ಇರುತ್ತದೆ. 2019ರ ಮೇ 4ರಂದು, ಭಾರತದಲ್ಲಿ ಬೆಳಗಿನ ಹೊತ್ತಿನಲ್ಲಿ, ಫೈರ್‌ಫಾಕ್ಸಿನ ಅಂತಹ ಒಂದು ಪ್ರಮಾಣಪತ್ರದ ಅವಧಿ ಮುಗಿದುದರಿಂದ ಜಗತ್ತಿನಾದ್ಯಂತ ಆಡ್-ಆನ್‌ಗಳು ಒಂದೊಂದಾಗಿ ನಿಂತುಹೋದವು. ಬಳಕೆದಾರರು ಏನನ್ನೂ ಬದಲಿಸಿರಲಿಲ್ಲ. ಆಡ್-ಆನ್ ರಚಿಸಿದವರು ಏನನ್ನೂ ತಪ್ಪಿರಲಿಲ್ಲ. ಮರುದಿನವೇ 66.0.4 ಎಂಬ ಆವೃತ್ತಿಯನ್ನು ಹೊರತಂದು ದೋಷವನ್ನು ಸರಿಪಡಿಸಲಾಯಿತು. 2025ರ ಮಾರ್ಚ್ 14ರಂದು ಮತ್ತೊಂದು ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. ಈ ಸಲ ಮುಂಚಿತವಾಗಿಯೇ ಎಚ್ಚರಿಕೆ ಕೊಡಲಾಗಿತ್ತು. 128ನೆಯ ಆವೃತ್ತಿಗೆ, ಅಥವಾ ದೀರ್ಘಾವಧಿ ಶಾಖೆಯ 115.13ಕ್ಕೆ ಏರಿದ್ದವರಿಗೆ ತೊಂದರೆಯಾಗಲಿಲ್ಲ. ಮೊದಲನೆಯ ಬಗೆಯಲ್ಲಿ ಏರಿದವರಿಗೆ ನಷ್ಟ. ಇಲ್ಲಿ ಏರದೆ ಕುಳಿತವರಿಗೆ ನಷ್ಟ. ಹಳೆಯದರಲ್ಲಿಯೇ ನಿಂತರೆ ಕ್ಷೇಮವೆಂಬ ಭಾವನೆಯು ಸರಿಯಲ್ಲವೆಂಬುದಕ್ಕೆ ಇದು ನಿದರ್ಶನ.

ನಾಲ್ಕನೆಯದು, ರಚಿಸಿದವನು ಕೆಲಸವನ್ನು ಬಿಟ್ಟುಬಿಡುವುದು. ಬಿಡುವಿನ ವೇಳೆಯಲ್ಲಿ ಕೆಲಸ ಮಾಡುತ್ತಿದ್ದವನಿಗೆ ನೌಕರಿ, ಸಂಸಾರ, ವಯಸ್ಸು ಅಡ್ಡಬರುತ್ತವೆ. ಅವನನ್ನು ದೂಷಿಸಲಾಗದು. ಅವನ ಶ್ರಮದ ಮೇಲೆ ನಾವು ಎಷ್ಟು ಭಾರ ಹಾಕಿದ್ದೆವೆಂಬುದನ್ನು ನಾವೇ ಯೋಚಿಸಬೇಕು.

5. ಕನ್ನಡಕ್ಕೆ ಬಂದ ತೊಡಕು

ಇನ್ನು ಆ ಸೋಮವಾರದ ಪ್ರಶ್ನೆಗೆ ಬರೋಣ. ಗಣಕಯಂತ್ರವು ಅಕ್ಷರವನ್ನು ಅಕ್ಷರವಾಗಿ ಅರಿಯದು; ಸಂಖ್ಯೆಯಾಗಿ ಅರಿಯುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಒಪ್ಪಂದವೇ ಸಂಕೇತ ಪದ್ಧತಿ. ಯೂನಿಕೋಡ್ ಎಂಬ ಜಾಗತಿಕ ಒಪ್ಪಂದದ ಮೊದಲನೆಯ ಆವೃತ್ತಿ 1991ರಲ್ಲಿ ಪ್ರಕಟವಾದಾಗಲೇ ಅದರಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿತ್ತು. 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೆ ಮೀಸಲು. ಅದರ ಬೆನ್ನಿಗೇ, 3072ರಿಂದ 3199ರವರೆಗೆ, ತೆಲುಗಿನ ಸ್ಥಾನಗಳಿವೆ. ತೆಲುಗಿನ ಕಕಾರ 3093. ಕನ್ನಡದ ಕಕಾರ 3221. ಇವೆರಡರ ನಡುವೆ ಸರಿಯಾಗಿ 128ರ ಅಂತರ. ನಮ್ಮ ಊರುಗಳಲ್ಲಿ ಈ ಎರಡು ಭಾಷೆಗಳ ಮನೆಗಳು ಗೋಡೆಗೆ ಗೋಡೆ ತಾಗಿ ಇರುವಂತೆಯೇ, ಯೂನಿಕೋಡಿನಲ್ಲಿಯೂ ಇವು ನೆರೆಹೊರೆಯವಾಗಿವೆ.

ಆದರೆ ಒಪ್ಪಂದವಿದ್ದ ಮಾತ್ರಕ್ಕೆ ಯಂತ್ರಗಳು ಅದನ್ನು ಪಾಲಿಸಿಬಿಡಲಿಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ ಯೂನಿಕೋಡ್ ಕನ್ನಡವು ಸಾಮಾನ್ಯ ಯಂತ್ರಗಳಲ್ಲಿ ಕಾಣತೊಡಗಿತು. ಅದಕ್ಕೆ ಮುಂಚೆಯೂ, ಅನಂತರ ಬಹುಕಾಲದವರೆಗೂ, ಬೆರಳಚ್ಚು ಮಾಡುವವರು ಫಾಂಟಿನ ಉಪಾಯವನ್ನೇ ಅವಲಂಬಿಸಿದ್ದರು. ರೋಮನ್ ಅಕ್ಷರಗಳ ಸಂಖ್ಯೆಗಳನ್ನೇ ಇಟ್ಟುಕೊಂಡು, ಅವುಗಳ ಮೇಲೆ ಕನ್ನಡ ಅಕ್ಷರಗಳ ಆಕಾರವನ್ನು ತೊಡಿಸುವುದೇ ಆ ಉಪಾಯ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳು ಈ ಬಗೆಯವು. ಆ ಕಾಲದಲ್ಲಿ ಅವು ಕನ್ನಡಕ್ಕೆ ಮಾಡಿದ ಸೇವೆ ದೊಡ್ಡದು. ಯಂತ್ರದಲ್ಲಿ ಕನ್ನಡ ಬರೆಯಲು ಸಾಧ್ಯವೆಂದು ಊರೂರಿಗೆ ತೋರಿಸಿದವು ಅವೇ. ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಬರವಣಿಗೆಯ ಅನುಕೂಲವೂ ಇದೆ. ಆದರೆ ಹಳೆಯ ಫಾಂಟಿಲ್ಲದ ಯಂತ್ರದಲ್ಲಿ ಹಳೆಯ ಬರಹವನ್ನು ತೆರೆದರೆ ತೊಡಿಸಿದ ಆಕಾರ ಕಳಚಿ, ಒಳಗಿನ ರೋಮನ್ ಅಕ್ಷರಗಳೇ ಕಾಣುತ್ತವೆ.

ಇಂತಹ ಪುಟಗಳನ್ನು ಓದಲು ಅನುಕೂಲವಾಗಲೆಂದೇ ಕೆಲವು ಆಡ್-ಆನ್‌ಗಳು ಹುಟ್ಟಿದವು. ಫೈರ್‌ಫಾಕ್ಸಿಗಾಗಿ ರಚಿತವಾದ 'ಪದ್ಮ' ಎಂಬುದು ಅವುಗಳಲ್ಲಿ ಪ್ರಸಿದ್ಧವಾದುದು. ತೆಲುಗು, ಕನ್ನಡ ಮೊದಲಾದ ಭಾರತೀಯ ಭಾಷೆಗಳ ಹಳೆಯ ಫಾಂಟುಗಳ ಬರಹವನ್ನು ಅದು ಯೂನಿಕೋಡಿಗೆ ತಿರುಗಿಸಿ ತೋರಿಸುತ್ತಿತ್ತು. ಇಂತಹ ಆಡ್-ಆನ್ ನಮಗೂ ಪುಟಕ್ಕೂ ನಡುವೆ ಕುಳಿತ ದುಭಾಷಿಯಂತೆ. ದುಭಾಷಿ ಎದ್ದುಹೋದರೆ ಎದುರಿಗಿರುವವನು ಮೂಕನಾದನೆಂದು ನಮಗೆ ತೋರುತ್ತದೆ. ವಾಸ್ತವವಾಗಿ ಅವನ ಮಾತು ಅಲ್ಲಿಯೇ ಇದೆ. ಅಂದು ನಮ್ಮ ಕೊಠಡಿಯಲ್ಲಿ ಆದದ್ದೂ ಇಷ್ಟೇ. ಕನ್ನಡ ಎಲ್ಲಿಗೂ ಹೋಗಿರಲಿಲ್ಲ. ಅದನ್ನು ನಾವು ಕನ್ನಡದ ಸಂಖ್ಯೆಗಳಲ್ಲಿ ಬರೆದಿಟ್ಟಿರಲೇ ಇಲ್ಲ.

6. ನಮ್ಮ ಕಡೆಗೆ ಇದು ಏಕೆ ಮುಖ್ಯ?

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಬೀದರ ಜಿಲ್ಲೆಯ ಜಹೀರಾಬಾದ್ ತಾಲ್ಲೂಕಿನ ಬಹುಭಾಗವೂ ನಾರಾಯಣಖೇಡ ತಾಲ್ಲೂಕೂ, ಗುಲ್ಬರ್ಗಾ ಜಿಲ್ಲೆಯ ತಾಂಡೂರು ತಾಲ್ಲೂಕೂ ಆಂಧ್ರಪ್ರದೇಶಕ್ಕೆ ಸೇರಿದವು. 2014ರ ಜೂನ್ 2ರಿಂದ ಇವು ತೆಲಂಗಾಣದಲ್ಲಿವೆ. ಈಗ ಮೊದಲಿನೆರಡು ಊರುಗಳು ಸಂಗಾರೆಡ್ಡಿ ಜಿಲ್ಲೆಯಲ್ಲಿಯೂ ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿಯೂ ಇವೆ. ಮನೆಯಲ್ಲಿ ಕನ್ನಡವನ್ನು ಉಳಿಸಿಕೊಂಡ ಕುಟುಂಬಗಳಿಗೆ ಕನ್ನಡದ ಪುಸ್ತಕದಂಗಡಿ, ಗ್ರಂಥಾಲಯ, ಮುದ್ರಣಾಲಯಗಳು ಬಹುಮಟ್ಟಿಗೆ ಗಡಿಯ ಆಚೆಗೇ ಉಳಿದವು. ಇಂದು ನಾರಾಯಣಖೇಡದ ಹುಡುಗನೊಬ್ಬನು ಕನ್ನಡ ಪತ್ರಿಕೆಯನ್ನು ಓದಬೇಕಾದರೆ, ತಾಂಡೂರಿನ ಹುಡುಗಿಯೊಬ್ಬಳು ಕನ್ನಡ ವಿಕಿಪೀಡಿಯದಲ್ಲಿ ಒಂದು ಪದವನ್ನು ಹುಡುಕಬೇಕಾದರೆ, ಬ್ರೌಸರೇ ಅವರಿಗೆ ವಾಚನಾಲಯ. ಆ ವಾಚನಾಲಯದ ಕಪಾಟು ಒಂದು ದಿನ ತೆರೆಯದೆ ಹೋದರೆ, ಬೆಂಗಳೂರಿನ ಓದುಗನಿಗಿಂತ ಇಲ್ಲಿಯವನಿಗೆ ಆಗುವ ನಷ್ಟ ಹೆಚ್ಚು.

ನಮ್ಮ ಹಳೆಯ ಪುಟಗಳನ್ನು ನಾವು ಹೇಗೆ ಪಡೆದುಕೊಂಡೆವೆಂಬುದನ್ನೂ ಹೇಳಬೇಕು. ಫಾಂಟಿನ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕ ತಂತ್ರಾಂಶದಿಂದ ಎಲ್ಲ ಕಡತಗಳನ್ನೂ ಒಮ್ಮೆಗೇ ಪರಿವರ್ತಿಸಿದೆವು. ಅದರಿಂದ ಕೆಲಸ ಮುಗಿಯಲಿಲ್ಲ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ಅನಂತರ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ರಕಾರವು ಮೊದಲು ಬರಬೇಕು. ಪರಿವರ್ತಕವು ಈ ಸ್ಥಾನಪಲ್ಲಟವನ್ನು ಎಲ್ಲೆಡೆಯೂ ಸರಿಯಾಗಿ ಮಾಡದೆ, 'ಧರ್ಮ'ವನ್ನು 'ಧಮರ್' ಎಂದೂ, 'ಮಾರ್ಗ'ವನ್ನು 'ಮಾಗರ್' ಎಂದೂ ಬಿಟ್ಟಿತ್ತು. ಮಕ್ಕಳು ಇಬ್ಬಿಬ್ಬರಾಗಿ ಕುಳಿತು, ಒಬ್ಬರು ಮುದ್ರಿತ ಪ್ರತಿಯನ್ನು ಗಟ್ಟಿಯಾಗಿ ಓದಿದರೆ ಇನ್ನೊಬ್ಬರು ಪರದೆಯನ್ನು ನೋಡಿ ತಿದ್ದಿದರು. ಮೂರು ವಾರ ಹಿಡಿಯಿತು. ಒಂದು ಸಂಚಿಕೆಯ ಮುದ್ರಿತ ಪ್ರತಿ ಎಲ್ಲಿಯೂ ಸಿಗಲಿಲ್ಲ. ಆ ಸಂಚಿಕೆಯ ದಾನಿಗಳ ಪಟ್ಟಿಯಲ್ಲಿ ಎರಡು ಹೆಸರುಗಳು ಇಂದಿಗೂ ಸಂದೇಹದಲ್ಲಿಯೇ ಉಳಿದಿವೆ. ಶಾಲೆಗೆ ಹಣ ಕೊಟ್ಟವರ ಹೆಸರನ್ನು ಸರಿಯಾಗಿ ಬರೆಯಲಾರದೆ ಹೋದೆವೆಂಬ ಕೊರಗು ನನಗೆ ಇದ್ದೇ ಇದೆ.

7. ಏರಿಸುವ ಮುನ್ನ

ಅನುಭವದಿಂದ ಕಲಿತ ಕೆಲವು ನಿಯಮಗಳನ್ನು ಇಲ್ಲಿ ಕೊಡುತ್ತೇನೆ.

ಅ) ಬ್ರೌಸರಿನ ಮೆನುವಿನಲ್ಲಿ ಆಡ್-ಆನ್‌ಗಳ ಪುಟವಿರುತ್ತದೆ. ಅದನ್ನು ತೆರೆದು, ಏನೇನು ಜೋಡಿಸಿದೆಯೆಂಬ ಪಟ್ಟಿಯನ್ನು ಪುಸ್ತಕದಲ್ಲಿ ಬರೆದಿಡಿರಿ. ಬಳಸದಿರುವುದನ್ನು ತೆಗೆದುಹಾಕಿರಿ. ಆಡ್-ಆನ್ ಕಡಿಮೆಯಾದಷ್ಟೂ ತೊಡಕು ಕಡಿಮೆ.

ಆ) ಉಳಿದ ಪ್ರತಿಯೊಂದರ ಕೊನೆಯ ಪರಿಷ್ಕರಣೆ ಯಾವಾಗ ಆಗಿದೆಯೆಂದು ನೋಡಿರಿ. ಹಲವು ವರ್ಷಗಳಿಂದ ಪರಿಷ್ಕರಣೆಯಿಲ್ಲದಿದ್ದರೆ ಅದಕ್ಕೆ ಬದಲಿಯನ್ನು ಈಗಲೇ ಹುಡುಕತಕ್ಕದ್ದು.

ಇ) ಪುಟದ ಗುರುತುಗಳು, ಉಳಿಸಿದ ವಿವರಗಳು ಇರುವ ಪ್ರೊಫೈಲ್ ಕಡತಕೋಶದ ಒಂದು ಪ್ರತಿಯನ್ನು ಬೇರೆಡೆ ಇಡಿರಿ. ಏರಿದ ಮೇಲೆ ಹಿಂದಕ್ಕೆ ಇಳಿಯುವುದು ಸುಲಭವಲ್ಲ. ಫೈರ್‌ಫಾಕ್ಸಿನಲ್ಲಿ 2019ರ 67ನೆಯ ಆವೃತ್ತಿಯಿಂದೀಚೆಗೆ, ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು ಹಳೆಯ ಆವೃತ್ತಿಯು ಸಾಮಾನ್ಯವಾಗಿ ತೆರೆಯಗೊಡುವುದಿಲ್ಲ.

ಈ) ಶಾಲೆಯಲ್ಲಿ ಹತ್ತು ಯಂತ್ರಗಳಿದ್ದರೆ ಮೊದಲು ಒಂದನ್ನು ಮಾತ್ರ ಏರಿಸಿ, ಒಂದು ವಾರ ಬಳಸಿ ನೋಡಿ, ಅನಂತರ ಉಳಿದವನ್ನು ಏರಿಸಿರಿ. ಈ ಒಂದು ನಿಯಮವನ್ನು ಪಾಲಿಸಿದ್ದರೆ ಆ ಸೋಮವಾರದ ಪಾಠ ತಪ್ಪುತ್ತಿರಲಿಲ್ಲ.

ಉ) ಸಂಸ್ಥೆಗಳಿಗಾಗಿ ಫೈರ್‌ಫಾಕ್ಸಿನಲ್ಲಿ ದೀರ್ಘಾವಧಿ ಶಾಖೆ ಎಂಬುದಿದೆ. ಅದರಲ್ಲಿ ಸುರಕ್ಷತೆಯ ತಿದ್ದುಪಡಿಗಳು ಕ್ರಮವಾಗಿ ಬಂದರೂ ದೊಡ್ಡ ಬದಲಾವಣೆಗಳು ಸುಮಾರು ವರ್ಷಕ್ಕೊಮ್ಮೆ ಮಾತ್ರ ಬರುತ್ತವೆ. ಶಾಲೆಗಳಿಗೆ ಇದು ಅನುಕೂಲ.

8. ತೊಂದರೆ ಬಂದ ಮೇಲೆ

ಬ್ರೌಸರ್ ಏರಿಸಿದ ಬಳಿಕ ಪುಟಗಳು ಕೆಟ್ಟು ಕಾಣಿಸಿದರೆ ಮೊದಲು ಎಲ್ಲ ಆಡ್-ಆನ್‌ಗಳನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ ನೋಡಬೇಕು. ತೊಂದರೆ ಹಾಗೆಯೇ ಇದ್ದರೆ ಅದು ಆಡ್-ಆನ್‌ನದಲ್ಲ. ತೊಂದರೆ ಹೋದರೆ ತಪ್ಪು ಆಡ್-ಆನ್‌ಗಳಲ್ಲಿ ಯಾವುದೋ ಒಂದರದು. ಯಾವುದೆಂದು ಕಂಡುಹಿಡಿಯುವುದು ಒಂದು ಚಿಕ್ಕ ಲೆಕ್ಕ. ಎಂಟು ಆಡ್-ಆನ್‌ಗಳಿವೆ ಎನ್ನೋಣ. ಒಂದೊಂದಾಗಿ ಪರೀಕ್ಷಿಸಿದರೆ ಏಳು ಸಲದವರೆಗೂ ನೋಡಬೇಕಾಗಬಹುದು. ಅದರ ಬದಲು ನಾಲ್ಕನ್ನು ಮಾತ್ರ ನಡೆಯಿಸಿರಿ. ತೊಂದರೆ ಕಂಡರೆ ತಪ್ಪು ಆ ನಾಲ್ಕರಲ್ಲಿದೆ, ಕಾಣದಿದ್ದರೆ ಉಳಿದ ನಾಲ್ಕರಲ್ಲಿದೆ. ಆ ನಾಲ್ಕರಲ್ಲಿ ಎರಡು, ಎರಡರಲ್ಲಿ ಒಂದು. ಹೀಗೆ ಮೂರೇ ಪರೀಕ್ಷೆಗಳಲ್ಲಿ ಉತ್ತರ ಸಿಗುವುದು. ಹದಿನಾರಿದ್ದರೆ ನಾಲ್ಕು ಪರೀಕ್ಷೆ ಸಾಕು.

ಇಲ್ಲಿ ಒಂದು ಎಚ್ಚರಿಕೆ. ನಿಂತುಹೋದ ಆಡ್-ಆನ್‌ನ "ಹೊಂದುವ ಪ್ರತಿ" ಎಂದು ಎಲ್ಲೋ ಸಿಕ್ಕಿದುದನ್ನು ತಂದು ಜೋಡಿಸಬಾರದು. ಬ್ರೌಸರಿನ ಸಂಸ್ಥೆಯೇ ನಡೆಯಿಸುವ ಆಡ್-ಆನ್ ಭಂಡಾರದಿಂದ ಮಾತ್ರ ಪಡೆಯಬೇಕು. ಅಲ್ಲಿಯೂ ಅದು ಕೇಳುವ ಅನುಮತಿಗಳನ್ನು ಓದಬೇಕು. ಕಾಗುಣಿತ ನೋಡುವ ಸಾಧನವು "ನೀವು ತೆರೆಯುವ ಎಲ್ಲ ಪುಟಗಳ ಮಾಹಿತಿ ಬೇಕು" ಎಂದು ಕೇಳಿದರೆ ಏಕೆಂದು ಯೋಚಿಸಿ ಒಪ್ಪಬೇಕು. ಆಡ್-ಆನ್ ಕೆಡುತ್ತದೆಂದು ಬ್ರೌಸರನ್ನೇ ಏರಿಸದೆ ವರ್ಷಗಟ್ಟಲೆ ಬಿಡುವುದು ಇನ್ನೂ ಅಪಾಯಕರ. ಹಳೆಯ ಆವೃತ್ತಿಯ ಲೋಪಗಳು ಕಳ್ಳರಿಗೂ ಗೊತ್ತಿರುತ್ತವೆ.

9. ಮುಖ್ಯವಾದ ಮಾತು

ಆಡ್-ಆನ್ ಬೇಡವೆಂದು ಈ ಲೇಖನದ ಅಭಿಪ್ರಾಯವಲ್ಲ. ನೇಗಿಲಿಲ್ಲದ ಟ್ರ್ಯಾಕ್ಟರಿನಿಂದ ಉಳುಮೆಯಾಗದು. ಆದರೆ ಯಾವ ಕೆಲಸವನ್ನು ಯಾವುದಕ್ಕೆ ಒಪ್ಪಿಸಬೇಕೆಂಬ ವಿವೇಕ ಬೇಕು. ಕನ್ನಡ ಬರೆಯುವ ಕೀಲಿಮಣೆಯ ವ್ಯವಸ್ಥೆ ಈಗ ವಿಂಡೋಸ್ ಮುಂತಾದ ಕಾರ್ಯವ್ಯವಸ್ಥೆಗಳಲ್ಲಿಯೇ ಇದೆ. ಅದನ್ನು ಕಲಿತವನಿಗೆ ಬ್ರೌಸರ್ ಏರಿದರೂ ಇಳಿದರೂ ಬರವಣಿಗೆ ನಿಲ್ಲುವುದಿಲ್ಲ. ಕನ್ನಡ ವಿಕಿಪೀಡಿಯದಲ್ಲಿ ಬರೆಯುವ ಅನುಕೂಲವನ್ನು ಆ ತಾಣವೇ ಒದಗಿಸಿದೆ; ಅದಕ್ಕೂ ಆಡ್-ಆನ್ ಬೇಕಿಲ್ಲ. ನಮ್ಮ ಅನುಕೂಲಕ್ಕಾಗಿ ಇರುವ ಕೆಲಸವನ್ನು ಆಡ್-ಆನ್‌ಗೆ ಒಪ್ಪಿಸಬಹುದು. ಕಳೆದುಹೋದರೆ ಮರಳಿ ಬಾರದ ಬರಹವನ್ನು ಅದರ ಆಧಾರದಲ್ಲಿ ಬಿಡಬಾರದು. ಅದನ್ನು ಯೂನಿಕೋಡಿನಲ್ಲಿ ಬರೆದು, ಎರಡು ಕಡೆ ಇಟ್ಟು, ಒಂದು ಪ್ರತಿಯನ್ನು ಕಾಗದದ ಮೇಲೂ ಮುದ್ರಿಸಿಡಬೇಕು.

ಈಗ ನಾವು ಸಂಚಿಕೆಯ ಲೇಖನಗಳನ್ನೆಲ್ಲ ಯೂನಿಕೋಡಿನಲ್ಲಿಯೇ ಬರೆಯಿಸುತ್ತೇವೆ. ಅಂದು ಪ್ರಶ್ನೆ ಕೇಳಿದ ಹುಡುಗಿಯೇ ಆ ಮೂರು ವಾರಗಳಲ್ಲಿ ಅತಿ ಹೆಚ್ಚು ಪುಟಗಳನ್ನು ತಿದ್ದಿದವಳು. ಇದನ್ನು ಓದುವ ಪೋಷಕರ ಮನೆಗಳಲ್ಲಿ ಹಳೆಯ ಸಂಚಿಕೆಗಳ ಪ್ರತಿಗಳಿದ್ದರೆ ದಯವಿಟ್ಟು ಒಮ್ಮೆ ಹುಡುಕಿ ನೋಡಬೇಕೆಂದು ವಿಜ್ಞಾಪಿಸುತ್ತೇನೆ. ಸಂದೇಹದಲ್ಲಿರುವ ಆ ಎರಡು ಹೆಸರುಗಳು ಯಾರದೋ ಮನೆಯ ಪೆಟ್ಟಿಗೆಯಲ್ಲಿ ಸರಿಯಾಗಿ ಅಚ್ಚಾಗಿ ಇದ್ದರೂ ಇರಬಹುದು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಆಡ್-ಆನ್ ಮತ್ತು ಬ್ರೌಸರುಗಳಿಗಿರುವ ಸಂಬಂಧವನ್ನು ಟ್ರ್ಯಾಕ್ಟರಿನ ದೃಷ್ಟಾಂತದಿಂದ ವಿವರಿಸಿರಿ.
2. 2017ರ ನವೆಂಬರಿನಲ್ಲಿ ಆದ ಬದಲಾವಣೆಗೂ 2019ರ ಮೇ ತಿಂಗಳಿನಲ್ಲಿ ಆದ ತೊಂದರೆಗೂ ಇರುವ ವ್ಯತ್ಯಾಸವೇನು?
3. ತೆಲುಗಿನ ಒಂದು ಅಕ್ಷರದ ಯೂನಿಕೋಡ್ ಸಂಖ್ಯೆ 3118. ಕನ್ನಡದಲ್ಲಿ ಅದೇ ಅಕ್ಷರದ ಸಂಖ್ಯೆ ಎಷ್ಟು?
4. 32 ಆಡ್-ಆನ್‌ಗಳಲ್ಲಿ ದೋಷವುಳ್ಳದ್ದು ಒಂದೇ ಇದ್ದರೆ, ಅರ್ಧ ಮಾಡುವ ಕ್ರಮದಿಂದ ಅದನ್ನು ಕಂಡುಹಿಡಿಯಲು ಎಷ್ಟು ಪರೀಕ್ಷೆಗಳು ಬೇಕು?
5. ನಿಮ್ಮ ಮನೆಯಲ್ಲಿರುವ ಒಂದು ಹಳೆಯ ಕನ್ನಡ ಬರಹವನ್ನು ಯೂನಿಕೋಡಿನಲ್ಲಿ ಬರೆದು, ಮೂಲದೊಡನೆ ಹೋಲಿಸಿ ತಿದ್ದಿ ತನ್ನಿರಿ.